335ಇ ಬಸ್ಸಿನಲ್ಲಿ ಮೂರು ಆಟ

ದೊಮ್ಮಲೂರಿನಿಂದ ಕುಂದಲಹಳ್ಳಿ ಗೇಟ್‌ಗೆ ದಿನಾ 335ಇ. ಹೋಗಿ ಬರುವುದರಲ್ಲಿ ಎರಡು ಗಂಟೆ ಬಸ್ಸಿಗೇ ಮೀಸಲು. ಆ ಹೊತ್ತಿಗೆಂದೇ ನಾವಿರುವ ಜಾಗವನ್ನೇ ಹಿಡಿದು ನಡೆಯುವ ಫೋನ್ ಆಟಗಳಾದ ಪೋಕೆಮಾನ್ ಗೋ, ಇಂಗ್ರೆಸ್, ಸ್ಟ್ರೀಟ್‌ಕಂಪ್ಲೀಟ್ ಮೂರನ್ನೂ ಒಂದೊಂದು ತಿಂಗಳು ಆಡಿ ನೋಡಿದೆ.

ಪೋಕೆಮಾನ್ ಗೋ ಬಸ್ಸಿನವರಿಗಲ್ಲ, ನಡೆಯುವವರಿಗೆ. ವೇಗ ಹೆಚ್ಚಿದರೆ ಪೋಕೆಸ್ಟಾಪ್ (ತಿರುಗಿಸಿದರೆ ಆಟದ ಸಾಮಾನು ಕೊಡುವ ಜಾಗ) ತಿರುಗುವುದಿಲ್ಲ, ಮೊಟ್ಟೆ ಮರಿಯಾಗಲು ಬಸ್ಸಿನ ದೂರ ಲೆಕ್ಕಕ್ಕೆ ಬರುವುದಿಲ್ಲ. ಮಾರತಹಳ್ಳಿಯಲ್ಲಿ ಟ್ರಾಫಿಕ್ ಕಟ್ಟಿದಾಗ ಮಾತ್ರ ಕೈಗೆ ಕೆಲಸ.

ಇಂಗ್ರೆಸ್ 2012ರಿಂದ ಇದೆ. ಹಸಿರು ಪಡೆ, ನೀಲಿ ಪಡೆ. ದೇವಸ್ಥಾನ, ನಾಗರಕಲ್ಲು, ಪ್ರತಿಮೆಗಳೆಲ್ಲ ಪೋರ್ಟಲ್, ಅಂದರೆ ಪಡೆಗಳು ಹಿಡಿಯಬೇಕಾದ ಠಾಣೆ. ಮೂರು ಪೋರ್ಟಲ್‌ಗಳನ್ನು ಗೆರೆ ಎಳೆದು ಸೇರಿಸಿದರೆ ನಡುವಿನ ಜಾಗ ನಮ್ಮದು. ಒಂದು ಪೋರ್ಟಲ್ ಮನೆಯ ಸ್ಟಾಪಿನದು, ಇನ್ನೊಂದು ಆಫೀಸಿನ ಸ್ಟಾಪಿನದು. ಮೂರನೆಯದಕ್ಕೇ ತೊಡಕು: ಒಂದೇ ರಸ್ತೆಯ ಮೇಲೆ ತ್ರಿಕೋನ ಹೇಗೆ ಬಂದೀತು? ಒಂದು ಸಂಜೆ ಬಸ್ಸು ಬಿಟ್ಟು ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿದೆ, ಅಲ್ಲಿಂದ ದೊಮ್ಮಲೂರಿಗೆ ನಡೆದೆ. ಆರು ವರ್ಷದಿಂದ ಇಲ್ಲೇ ಇದ್ದೇನೆ, ಆ ಗಲ್ಲಿಗಳನ್ನು ನೋಡಿದ್ದು ಅವತ್ತೇ. ಗೆರೆ ಮೇಲೆ ಗೆರೆ ಹಾಯಿಸುವಂತಿಲ್ಲವಾದ್ದರಿಂದ, ಎದುರಾಳಿಯ ಒಂದು ಗೆರೆ ನನ್ನನ್ನು ಎರಡು ವಾರ ಕಾಯಿಸಿತು. ಕೊನೆಗೆ ತ್ರಿಕೋನ ಕೂಡಿದಾಗ ಆದ ಖುಷಿ ಸಣ್ಣದಲ್ಲ.

ಆದರೆ ಮನಸ್ಸು ನಿಂತಿದ್ದು ಸ್ಟ್ರೀಟ್‌ಕಂಪ್ಲೀಟ್‌ನಲ್ಲಿ. ಇದು ಆಂಡ್ರಾಯ್ಡ್ ಆ್ಯಪ್. ನಿಂತ ಜಾಗದ ಬಗ್ಗೆ ಪ್ರಶ್ನೆ ಕೇಳುತ್ತದೆ: ಈ ಸ್ಟಾಪಿಗೆ ಚಾವಣಿ ಇದೆಯೇ? ಕೂರಲು ಬೆಂಚು? ರಾತ್ರಿ ದೀಪ? ಕೊಟ್ಟ ಉತ್ತರ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಎಲ್ಲರ ನಕ್ಷೆಗೆ ಸೇರುತ್ತದೆ, ನಮಗೊಂದು ನಕ್ಷತ್ರ ಸಿಗುತ್ತದೆ. ಓಡುವ ಬಸ್ಸಿನಲ್ಲಿ ಇದನ್ನು ಆಡಲಾಗದು, ಬಸ್ಸಿಗೆ ಕಾಯುವಾಗಲೇ ಇದರ ಹೊತ್ತು. ನಮ್ಮೂರಲ್ಲಿ ಕಾಯುವುದಕ್ಕೇನು ಬರ?

ಒಂದು ಬೆಳಿಗ್ಗೆ ಬೆಂಚಿನ ಪ್ರಶ್ನೆ ಬಂತು. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಚಪ್ಪಡಿ ಕಲ್ಲಿನ ಮೇಲೆ ಕೂತಿದ್ದ ಅಜ್ಜಿ, "ಏನಪ್ಪಾ, ಬಸ್ ಎಲ್ಲಿದೆ ಅಂತ ತೋರ್ಸುತ್ತಾ ಅದು?" ಅಂದರು. "ಇಲ್ಲಜ್ಜಿ, ಇಲ್ಲಿ ಕೂರೋಕೆ ಜಾಗ ಇದೆಯಾ ಅಂತ ಕೇಳ್ತಿದೆ" ಅಂದೆ. "ಇಲ್ಲ ಅಂತ ಬರಿ. ಈ ಕಲ್ಲು ನಾನೇ ಎಳ್ಕೊಂಡ್ ಬಂದಿದ್ದು." ಹಾಗೇ ಒತ್ತಿದೆ. ಸ್ಟಾಪಿನ ಹೆಸರು ನಕ್ಷೆಯಲ್ಲಿ ಇಂಗ್ಲಿಷಿನಲ್ಲಷ್ಟೇ ಇತ್ತು, ಅದನ್ನೂ ಕನ್ನಡದಲ್ಲಿ ಸೇರಿಸಿದೆ.

ಮೆಟ್ರೊದಲ್ಲೇ ಓಡಾಡುವವರಿಗೆ ಒಂದು ಮಾತು: ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ದಾಟಿ ಸಿಟಿ ರೈಲ್ವೆ ಸ್ಟೇಷನ್‌ವರೆಗೆ ರೈಲು ನೆಲದಡಿ ಓಡುತ್ತದೆ, ಅಲ್ಲಿ ಜಿಪಿಎಸ್ ಸಿಗುವುದಿಲ್ಲ. ಅಷ್ಟು ಹೊತ್ತು ಮೂರೂ ಆಟ ಬಂದ್. ಇಂಗ್ರೆಸ್ ಇನ್ನೂ ಫೋನಿನಲ್ಲಿದೆ, ತ್ರಿಕೋನ ಉಳಿಸಿಕೊಳ್ಳಲು ರಾತ್ರಿ ಆ ಪೋರ್ಟಲ್‌ಗಳನ್ನು ಆಟದಲ್ಲೇ ರೀಚಾರ್ಜ್ ಮಾಡುತ್ತೇನೆ. ಬೆಳಿಗ್ಗೆ ಮಾತ್ರ ಹತ್ತು ನಿಮಿಷ ಮುಂಚೆ ಸ್ಟಾಪಿಗೆ ಹೋಗುತ್ತೇನೆ. ಎದುರು ಬದಿಯ ಸ್ಟಾಪಿನ ಪ್ರಶ್ನೆಗಳು ಇನ್ನೂ ಬಾಕಿ ಇವೆ.