ಪೆರೆಗ್ರಿನ್ ಡೈವ್ ಕಂಪ್ಯೂಟರ್: ಕೆಲವು ವರ್ಷ ಕೈಗೆ ಕಟ್ಟಿಕೊಂಡ ಮೇಲೆ

ಸ್ಕೂಬಾ ಡೈವ್ ಮಾಡುವವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರ್, ಶಿಯರ್‌ವಾಟರ್ ಕಂಪನಿಯವರ ಪೆರೆಗ್ರಿನ್ ಬಂದಿದ್ದು 2020ರಲ್ಲಿ. ಪರದೆ ಚೆನ್ನಾಗಿದೆ ಅಂತ ಆಗಲೇ ಎಲ್ಲರೂ ಬರೆದಾಗಿದೆ, ಅದು ನಿಜ ಕೂಡ. 2.2 ಇಂಚಿನ ಬಣ್ಣದ ಪರದೆ, ಕಲಕಿದ ನೀರಿನಲ್ಲೂ ಸಲೀಸಾಗಿ ಓದಬಹುದು. ಎರಡೇ ಬಟನ್. ವೈರ್‌ಲೆಸ್ ಚಾರ್ಜಿಂಗ್. ಏನಾದರೂ ಎಚ್ಚರಿಕೆ ಇದ್ದರೆ ಮಣಿಕಟ್ಟಿನ ಮೇಲೆ ಗುರ್ ಅಂತ ನಡುಗುತ್ತದೆ. ಇದೆಲ್ಲ ಮೊದಲ ವಾರದಲ್ಲೇ ಗೊತ್ತಾಗುವ ವಿಷಯ. ವರ್ಷಗಟ್ಟಲೆ ಬಳಸಿದ ಮೇಲೆ ನಾನು ಹೇಳಬೇಕು ಅನ್ನಿಸಿದ್ದು ಬೇರೆ. ಈ ಯಂತ್ರ ತನ್ನ ಲೆಕ್ಕವನ್ನು ಮುಚ್ಚಿಡುವುದಿಲ್ಲ, ಹಾಗಾಗಿ ಡಿಕಂಪ್ರೆಷನ್ ಥಿಯರಿ, ಅಂದರೆ ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ಮೇಲೆ ಬರುವಾಗ ಹೇಗೆ ಹೊರಹೋಗುತ್ತದೆ ಅನ್ನುವುದು, ಸ್ವಲ್ಪ ಗೊತ್ತಿದ್ದವರಿಗೆ ಇದು ಕೊಡುವ ಉಪಯೋಗ ತುಂಬಾ ಜಾಸ್ತಿ. ಏನೂ ಗೊತ್ತಿಲ್ಲದೆ ಕಟ್ಟಿಕೊಂಡರೆ ದುಬಾರಿ ಗಡಿಯಾರ, ಅಷ್ಟೇ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಡೈವ್ ಕಂಪ್ಯೂಟರ್ ನಿಮ್ಮ ರಕ್ತದಲ್ಲಿರುವ ನೈಟ್ರೋಜನ್ ಅಳೆಯುವುದಿಲ್ಲ. ಅದಕ್ಕೆ ಗೊತ್ತಿರುವುದು ಆಳ, ಸಮಯ, ಮತ್ತು ಟ್ಯಾಂಕ್‌ನಲ್ಲಿ ಯಾವ ಗ್ಯಾಸ್ ಇದೆ ಅಂತ ನೀವು ಹೇಳಿದ್ದು. ಪ್ರತಿ 10 ಮೀಟರ್ ಇಳಿದಾಗ ಒತ್ತಡ ಸುಮಾರು ಒಂದು ಬಾರ್ ಏರುತ್ತದೆ, ಆ ಒತ್ತಡಕ್ಕೆ ತಕ್ಕಂತೆ ಉಸಿರಿನ ನೈಟ್ರೋಜನ್ ಮೈಯೊಳಗೆ ಕರಗುತ್ತಾ ಹೋಗುತ್ತದೆ. ತೀರಾ ಬೇಗ ಮೇಲೆ ಬಂದರೆ ಅದು ಗುಳ್ಳೆಗಳಾಗಿ ಡಿಕಂಪ್ರೆಷನ್ ಕಾಯಿಲೆ ತರಬಹುದು. ಪೆರೆಗ್ರಿನ್ ಲೆಕ್ಕ ಹಾಕುವುದು ಬ್ಯೂಲ್ಮನ್ ಪದ್ಧತಿಯಲ್ಲಿ. ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ಕಟ್ಟಿದ ಈ ಮಾದರಿಯಲ್ಲಿ ದೇಹವನ್ನು 16 ಕಾಲ್ಪನಿಕ ಭಾಗಗಳಾಗಿ ಮಾಡಿಕೊಳ್ಳುತ್ತಾರೆ, ಕಂಪಾರ್ಟ್‌ಮೆಂಟ್ ಅನ್ನುತ್ತಾರಲ್ಲ ಅವು. ಅತಿ ವೇಗದ ಭಾಗ ಅರ್ಧ ತುಂಬಲು 4 ನಿಮಿಷ ಸಾಕು, ಅತಿ ನಿಧಾನದ್ದಕ್ಕೆ 635 ನಿಮಿಷ ಬೇಕು. ತೆಳು ಪಂಚೆ ಬೇಗ ನೆನೆದು ಬೇಗ ಒಣಗುತ್ತದೆ, ಕಂಬಳಿಗೆ ನೆನೆಯೋಕೂ ಹೊತ್ತು ಬೇಕು ಒಣಗೋಕೂ ಹೊತ್ತು ಬೇಕು, ಅಲ್ವಾ, ಅದೇ ಲೆಕ್ಕ. ಪೆರೆಗ್ರಿನ್‌ನಲ್ಲಿ ಈ 16 ಭಾಗಗಳೂ ಪಟ್ಟಿಗಳಾಗಿ ಪರದೆ ಮೇಲೆ ಕಾಣುತ್ತವೆ. ಎರಡು ಡೈವ್‌ಗಳ ನಡುವೆ ದೋಣಿಯಲ್ಲಿ ಸುಮ್ನೆ ಕೂತಾಗ ನಾನು ಅದನ್ನೇ ನೋಡುತ್ತಿರುತ್ತೇನೆ. ವೇಗದವು ಬೇಗ ಇಳಿದುಬಿಡುತ್ತವೆ. ನಿಧಾನದವು ಕದಲುವುದೇ ಇಲ್ಲ.

ಈ ಯೋಚನೆ ಹೊಸದೇನಲ್ಲ. 1908ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಬ್ರಿಟಿಷ್ ನೌಕಾಪಡೆಗಾಗಿ ಆಡುಗಳ ಮೇಲೆ ಪ್ರಯೋಗ ಮಾಡಿ ಮೊದಲ ಡೈವ್ ಟೇಬಲ್, ಅಂದರೆ ಆಳ-ಸಮಯದ ಪಟ್ಟಿ, ಪ್ರಕಟಿಸಿದಾಗ ಅವರದ್ದು ಐದೇ ಕಂಪಾರ್ಟ್‌ಮೆಂಟ್. ಆಡುಗಳಿಗೆ ನಾವೆಲ್ಲ ಋಣಿಗಳು, ಪಾಪ.

ಈಗ ಸೆಟ್ಟಿಂಗ್ ವಿಷಯಕ್ಕೆ ಬರೋಣ. ತುಂಬಾ ಜನ ಕಣ್ಣು ಹಾಯಿಸದೆ ಬಿಡುವ ಜಾಗ ಇದು. ಪ್ರತಿ ಕಂಪಾರ್ಟ್‌ಮೆಂಟ್‌ಗೂ ಇಷ್ಟರ ಮೇಲೆ ಒತ್ತಡ ಉಳಿಯಬಾರದು ಅನ್ನುವ ಮಿತಿ ಇದೆ, ಅದಕ್ಕೆ ಎಂ-ವ್ಯಾಲ್ಯೂ ಅನ್ನುತ್ತಾರೆ. ಆ ಮಿತಿಯ ಹತ್ತಿರಕ್ಕೆ ಎಷ್ಟು ಹೋಗಬಹುದು ಅನ್ನುವುದನ್ನು ಶೇಕಡಾದಲ್ಲಿ ಹೇಳುವುದು ಗ್ರೇಡಿಯಂಟ್ ಫ್ಯಾಕ್ಟರ್, ಜಿಎಫ್. ಪೆರೆಗ್ರಿನ್‌ನಲ್ಲಿ ಮೂರು ಹಂತ ಸಿದ್ಧವಾಗಿಯೇ ಬರುತ್ತವೆ: ಲೋ ಅಂದರೆ 45/95, ಮೀಡಿಯಂ 40/85, ಹೈ 35/75. ಇಲ್ಲಿ ಹೈ ಅಂದರೆ ಎಚ್ಚರಿಕೆ ಹೆಚ್ಚು ಅಂತ, ಅಪಾಯ ಹೆಚ್ಚು ಅಂತ ಅಲ್ಲ. ಡೆಕೋ, ಅಂದರೆ ಮೇಲೆ ಬರುವಾಗ ಕಡ್ಡಾಯವಾಗಿ ಅಲ್ಲಲ್ಲಿ ನಿಲ್ಲಬೇಕಾದ ಡೈವ್, ಮಾಡದ ನಮ್ಮಂಥವರಿಗೆ ಎರಡನೇ ಸಂಖ್ಯೆಯೇ ಮುಖ್ಯ, ನೀರಿನ ಮೇಲೆ ಬಂದಾಗ ಎಷ್ಟು ಉಳಿದಿರಬಹುದು ಅಂತ ನಿರ್ಧರಿಸುವುದು ಅದು. ವ್ಯತ್ಯಾಸ ಸಣ್ಣದಲ್ಲ. ಮಾಮೂಲಿ ಗಾಳಿಯಲ್ಲಿ 30 ಮೀಟರ್‌ಗೆ ಇಳಿದರೆ ಡೈವ್ ತರಬೇತಿ ಸಂಸ್ಥೆ ಪಾಡಿಯ ಹಳೇ ಟೇಬಲ್ 20 ನಿಮಿಷ ಕೊಡುತ್ತದೆ. ಮೀಡಿಯಂನಲ್ಲಿ ಇಟ್ಟ ಪೆರೆಗ್ರಿನ್ ಹನ್ನೆರಡು-ಹದಿಮೂರು ನಿಮಿಷದ ಆಸುಪಾಸಿಗೇ ನೋ-ಡೆಕೋ ಸಮಯ, ಅಂದರೆ ಕಡ್ಡಾಯ ನಿಲುಗಡೆ ಇಲ್ಲದೆ ಮೇಲೆ ಬರಬಹುದಾದ ಸಮಯ, ಮುಗಿಯಿತು ಅನ್ನುತ್ತದೆ. ಲೋ ಮತ್ತು ಹೈ ನಡುವೆಯೇ ಸುಮಾರು ಐದು ನಿಮಿಷದ ಅಂತರ ಇದೆ. ಹಾಗಾದರೆ ಯಾವುದು ಸರಿ? ಎಲ್ಲವೂ ಸರಿ. ನೋ-ಡೆಕೋ ಸಮಯ ಅನ್ನುವುದು ಈ ಕಡೆ ಕ್ಷೇಮ ಆ ಕಡೆ ಅಪಾಯ ಅಂತ ಎಳೆದ ಗೆರೆ ಅಲ್ಲ. ಅಪಾಯ ನಿಧಾನವಾಗಿ ಏರುತ್ತಾ ಹೋಗುತ್ತದೆ, ಎಲ್ಲಿ ನಿಲ್ಲಬೇಕು ಅಂತ ಯಾರೋ ಒಂದು ಕಡೆ ಬೆರಳಿಟ್ಟಿದ್ದಾರೆ. ಆ ಬೆರಳನ್ನು ಸರಿಸುವ ಹಕ್ಕು ಪೆರೆಗ್ರಿನ್ ನಿಮಗೆ ಕೊಡುತ್ತದೆ. ನಾನು ಮೀಡಿಯಂನಲ್ಲೇ ಇಟ್ಟಿದ್ದೇನೆ, ನೀರು ತಣ್ಣಗಿದ್ದರೆ ಅಥವಾ ಸತತ ಹಲವು ದಿನ ಡೈವ್ ಇದ್ದರೆ ಹೈ.

ನನಗೆ ಈ ಯಂತ್ರದಲ್ಲಿ ತೀರಾ ಇಷ್ಟವಾಗಿದ್ದು ಸರ್ಫ್‌ಜಿಎಫ್ ಅನ್ನುವ ಒಂದೇ ಒಂದು ಸಂಖ್ಯೆ. ಈ ಕ್ಷಣ ನೇರ ಮೇಲಕ್ಕೆ ಹೋದರೆ ಮಿತಿಯ ಶೇಕಡಾ ಎಷ್ಟರಲ್ಲಿ ಇರುತ್ತೀರಿ ಅಂತ ಅದು ತೋರಿಸುತ್ತದೆ. ಇದನ್ನು ಕಣ್ಣಿಗೆ ಬೀಳುವ ಹಾಗೆ ಇಟ್ಟುಕೊಂಡ ಮೇಲೆ ಸೇಫ್ಟಿ ಸ್ಟಾಪ್, ಅಂದರೆ ಮೇಲೆ ಬರುವ ಮುಂಚೆ ಕಡಿಮೆ ಆಳದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು, ನನಗೆ ನಿಜವಾಗಿ ಅರ್ಥವಾಯಿತು. 30 ಮೀಟರ್‌ನ ಆಸುಪಾಸಿನ ಚಿಕ್ಕ ಡೈವ್ ಮುಗಿಸಿ ಬರುವಾಗ ಸಂಖ್ಯೆ 80ರ ಮೇಲಿದ್ದರೆ, 5 ಮೀಟರ್‌ನಲ್ಲಿ 3 ನಿಮಿಷ ನಿಂತರೆ ಸಾಕು, 70ರ ಕೆಳಗೆ ಬಂದುಬಿಡುತ್ತದೆ, ಯಾಕೆಂದರೆ ತುಂಬಿಕೊಂಡಿದ್ದು ವೇಗದ ಭಾಗಗಳು. ಆದರೆ ದಿನದ ಕೊನೆಯ ಡೈವ್, 12-14 ಮೀಟರ್‌ನಲ್ಲಿ ಒಂದು ಗಂಟೆ ಆರಾಮಾಗಿ ಸುತ್ತಾಡಿದ್ದು ಅಂತಿಟ್ಟುಕೊಳ್ಳಿ, ಅಲ್ಲಿ ಅದೇ 3 ನಿಮಿಷದಲ್ಲಿ ಸಂಖ್ಯೆ ಹೆಚ್ಚೇನೂ ಇಳಿಯುವುದಿಲ್ಲ. ಈಗ ಮುಂದಿರುವುದು ನಿಧಾನದ ಭಾಗಗಳು, ಅವಕ್ಕೆ 3 ನಿಮಿಷ ಲೆಕ್ಕಕ್ಕೇ ಇಲ್ಲ. ಪರದೆ ಮೇಲೆ ಸ್ಟಾಪ್ ಮುಗಿಯಿತು ಅಂತ ಬರುತ್ತದೆ, ಎಲ್ಲರೂ ಖುಷಿಯಾಗಿ ಮೇಲೆ ಹೋಗುತ್ತಾರೆ. ಟ್ಯಾಂಕ್‌ನಲ್ಲಿ ಗಾಳಿ ಉಳಿದಿದ್ದರೆ ನಾನು ಅಲ್ಲೇ ಇನ್ನೂ ಸ್ವಲ್ಪ ತೇಲುತ್ತೇನೆ. ನನ್ನ ಅಭ್ಯಾಸ ಅದು, ನಿಯಮ ಅಲ್ಲ.

ಮೇಲೇರುವ ವೇಗ ತೋರಿಸಲು ಬಾಣಗಳಿವೆ, ಒಂದು ಬಾಣ ಅಂದರೆ ನಿಮಿಷಕ್ಕೆ 3 ಮೀಟರ್. ಮೂರು ಬಾಣದವರೆಗೆ ಬಿಳಿ, ಆಮೇಲೆ ಹಳದಿ, ಆರಾದರೆ ಕೆಂಪಾಗಿ ಮಿನುಗುತ್ತದೆ. ಹಿಂದೆ ನಿಮಿಷಕ್ಕೆ 18 ಮೀಟರ್ ಅನ್ನುತ್ತಿದ್ದರು, ಈಗ 9 ಅನ್ನುವುದೇ ರೂಢಿ. ಕೊನೆಯ 5 ಮೀಟರ್‌ನಲ್ಲಿ ನಾನು ಒಂದೇ ಬಾಣ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಒತ್ತಡ ಪ್ರಮಾಣದಲ್ಲಿ ಅತಿ ಜಾಸ್ತಿ ಬದಲಾಗುವುದು ಅಲ್ಲೇ. ಸ್ಟಾಪ್ ಮುಗಿಸಿ ಬಿರಡೆ ಥರ ಮೇಲೆ ಚಿಮ್ಮುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಲೆಕ್ಕಕ್ಕೆ ಸಿಗದ ವಿಷಯಗಳೂ ಇವೆ, ಅವೇ ಜಾಸ್ತಿ. ಕೆಳಗೆ ಪ್ರವಾಹದ ವಿರುದ್ಧ ಕಾಲು ಬಡಿದಿರಾ, ಸರಿಯಾಗಿ ನೀರು ಕುಡಿದಿರಾ, ನಿದ್ದೆ ಆಗಿತ್ತಾ, ಇದ್ಯಾವುದೂ ಈ ಡಬ್ಬಿಗೆ ಗೊತ್ತಿಲ್ಲ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಹುಟ್ಟಿನ ಕಿಂಡಿ ಪೂರ್ತಿ ಮುಚ್ಚಿರುವುದಿಲ್ಲ, ಅದರ ಮೂಲಕ ಗುಳ್ಳೆಗಳು ಶ್ವಾಸಕೋಶದ ಸೋಸುವಿಕೆ ತಪ್ಪಿಸಿಕೊಂಡು ಅಪಧಮನಿಗೆ ದಾಟಬಹುದು. ಅದೂ ಗೊತ್ತಿಲ್ಲ. ಮೈಯ ಬಿಸಿಯಂತೂ ದೊಡ್ಡ ವಿಷಯ. ಅಮೆರಿಕದ ನೌಕಾಪಡೆಯ ಪ್ರಯೋಗ ಘಟಕ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಿದ್ದು ಇದು: ಕೆಳಗೆ ಬೆಚ್ಚಗಿದ್ದು ಮೇಲೇರುವಾಗ ಚಳಿಯಾದರೆ ಡಿಕಂಪ್ರೆಷನ್ ಕಾಯಿಲೆಯ ಅಪಾಯ ಜಾಸ್ತಿ. ಕೆಳಗೆ ರಕ್ತ ಚೆನ್ನಾಗಿ ಓಡಿ ನೈಟ್ರೋಜನ್ ತುಂಬುತ್ತದೆ, ಮೇಲೆ ಬರುವಾಗ ಚಳಿಗೆ ರಕ್ತನಾಳ ಬಿಗಿದು ಅದು ಹೊರಗೆ ಹೋಗಲು ದಾರಿ ಕಡಿಮೆಯಾಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಆಗುವುದು ಹೀಗೇ ಅಲ್ವಾ, ಸೇಫ್ಟಿ ಸ್ಟಾಪ್ ಹೊತ್ತಿಗೆ ನಡುಗುತ್ತಾ ನಿಂತಿರುತ್ತೇವೆ. ಪರದೆ ಹಸಿರಾಗಿದೆ ಅಂತ ಡೈವ್ ಆದಮೇಲೆ ಬಂದ ಕೀಲುನೋವು, ಜುಮ್ಮೆನ್ನುವಿಕೆ, ವಿಪರೀತ ಸುಸ್ತನ್ನು ಕಡೆಗಣಿಸಬೇಡಿ. ಕಂಪ್ಯೂಟರ್ ಹೇಳಿದಂತೆಯೇ ಮಾಡಿದವರಿಗೂ ಈ ಕಾಯಿಲೆ ಬರುತ್ತದೆ. ಆಗ ಮಾಡಬೇಕಾದ್ದು ತಕ್ಷಣ ಶುದ್ಧ ಆಮ್ಲಜನಕ ಕೊಟ್ಟು ವೈದ್ಯರನ್ನು ಸಂಪರ್ಕಿಸುವುದು, ಬೇಕಾದರೆ ಒತ್ತಡದ ಕೋಣೆಯ ಚಿಕಿತ್ಸೆಗೆ ಹೋಗುವುದು. ನಾಳೆ ನೋಡೋಣ ಅನ್ನುವುದು ಸಲ್ಲದು.

ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿರುವ ಗಾಳಿ, ಹಾಕಿಸುವವರಿಗೆ ಒಂದು ಮಾತು. 32 ಶೇಕಡಾ ನೈಟ್ರಾಕ್ಸ್ ಹಾಕಿಸಿ ಕಂಪ್ಯೂಟರನ್ನು ಗಾಳಿಯ ಲೆಕ್ಕದಲ್ಲೇ ಬಿಟ್ಟರೆ ನೈಟ್ರೋಜನ್ ವಿಷಯದಲ್ಲಿ ಹೆಚ್ಚುವರಿ ರಕ್ಷಣೆ ಸಿಗುವುದು ಹೌದು. ಆದರೆ ಆಗ ಆಮ್ಲಜನಕದ ಎಚ್ಚರಿಕೆ ತಪ್ಪಾಗುತ್ತದೆ. ಆಮ್ಲಜನಕದ ಪಾಲಿನ ಒತ್ತಡಕ್ಕೆ ಇಟ್ಟ 1.4 ಬಾರ್ ಮಿತಿಗೆ 32ರ ಗರಿಷ್ಠ ಆಳ 33 ಮೀಟರ್ ಚಿಲ್ಲರೆ, ಅದನ್ನು ದಾಟಿದರೂ ಕಂಪ್ಯೂಟರ್ ಸುಮ್ಮನಿರುತ್ತದೆ. ನನ್ನ ಪ್ರಕಾರ ಮಿಶ್ರಣವನ್ನು ಕಂಪ್ಯೂಟರಿಗೆ ಸರಿಯಾಗಿಯೇ ಹೇಳಿ, ಎಚ್ಚರಿಕೆ ಜಾಸ್ತಿ ಬೇಕಿದ್ದರೆ ಜಿಎಫ್ ಶೇಕಡಾ ಇಳಿಸಿ, ಅಂದರೆ ಹೈ ಕಡೆಗೆ ಹೋಗಿ.

ಜೊತೆಗಾರರ ಕಂಪ್ಯೂಟರ್ ಬೇರೆ ಪದ್ಧತಿಯದಾಗಿದ್ದರೆ ಸಂಖ್ಯೆಗಳು ಹೊಂದುವುದೇ ಇಲ್ಲ. ಯಾರದ್ದು ಕಡಿಮೆ ಸಮಯ ತೋರಿಸುತ್ತದೋ ಅವರ ಲೆಕ್ಕಕ್ಕೆ ಇಬ್ಬರೂ ಮೇಲೇರಬೇಕು, ಅದಕ್ಕೆ ಚರ್ಚೆ ಬೇಡ. ದಿನದ ಮಧ್ಯೆ ಕಂಪ್ಯೂಟರ್ ಅದಲು ಬದಲು ಮಾಡಿಕೊಳ್ಳುವುದೂ ಬೇಡ, ಬೆಳಗಿನ ಡೈವ್ ಯಾರ ಮೈಯಲ್ಲಿದೆಯೋ ಅವರ ಕೈಯಲ್ಲೇ ಅದು ಇರಬೇಕು. ಕೆಲವು ಯಂತ್ರಗಳು ಸ್ಟಾಪ್ ತಪ್ಪಿಸಿದರೆ ಒಂದೆರಡು ದಿನ ಮುನಿಸಿಕೊಂಡು ಲೆಕ್ಕ ನಿಲ್ಲಿಸಿಬಿಡುತ್ತವೆ. ಇದು ಹಾಗೆ ಲಾಕ್ ಆಗುವುದಿಲ್ಲ, ಮಾಹಿತಿ ಕೊಡುತ್ತಲೇ ಇರುತ್ತದೆ. ನೀರೊಳಗೆ ತೊಂದರೆಯಲ್ಲಿ ಇರುವವರಿಗೆ ಬೇಕಾದದ್ದು ಅದೇ.

ವಿಮಾನ ಹತ್ತುವ ವಿಷಯದಲ್ಲಿ ನಾನು ಡೈವರ್‌ಗಳ ಸುರಕ್ಷತೆಗೆ ಇರುವ ಡ್ಯಾನ್ ಸಂಸ್ಥೆಯ ಸಲಹೆಯನ್ನೇ ಹಿಡಿಯುತ್ತೇನೆ. ಡೆಕೋ ಇಲ್ಲದ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನವಾದರೆ 18. ನಾನಂತೂ ಕೊನೆಯ ದಿನ ಡೈವ್ ಇಟ್ಟುಕೊಳ್ಳುವುದೇ ಇಲ್ಲ.

ಕೊರತೆಗಳು ಬೇಗ ಹೇಳಿಬಿಡುತ್ತೇನೆ. ಬ್ಯಾಟರಿ ಒಳಗೇ ಇರುವುದರಿಂದ ನಾವೇ ಬದಲಾಯಿಸಲು ಆಗುವುದಿಲ್ಲ, ದೋಣಿ ಹತ್ತುವ ಮುಂಚೆ ಚಾರ್ಜ್ ನೋಡಿಕೊಳ್ಳಬೇಕು. ಗಾತ್ರ ದೊಡ್ಡದು, ದಿನವೂ ಗಡಿಯಾರದ ಹಾಗೆ ಕಟ್ಟಿಕೊಂಡು ಓಡಾಡುವಂಥದ್ದಲ್ಲ. ದಿಕ್ಸೂಚಿ ಇಲ್ಲ. ಟ್ಯಾಂಕ್ ಒತ್ತಡವನ್ನೂ ತೋರಿಸುವುದಿಲ್ಲ, ಅದು ನನಗೆ ಅಷ್ಟೇನೂ ಬೇಸರ ಇಲ್ಲ, ಗೇಜ್ ನೋಡುವ ಅಭ್ಯಾಸ ಹೇಗೂ ಬೇಕೇ ಬೇಕು. ಈ ಎರಡೂ ಬೇಕು ಅನ್ನುವವರಿಗೆ ಆಮೇಲೆ ಬಂದ ಪೆರೆಗ್ರಿನ್ ಟಿಎಕ್ಸ್ ಇದೆ. ಇವತ್ತು ಹೊಸದಾಗಿ ಕೊಳ್ಳುವುದಾದರೆ ದಿಕ್ಸೂಚಿಗೋಸ್ಕರವೇ ನಾನೂ ಅದನ್ನೇ ತೆಗೆದುಕೊಳ್ಳುತ್ತೇನೆ.