ಬಂಡೆಯ ಮೇಲಿನ ಪಾಠ: ಸ್ಕಾಟ್ಲೆಂಡಿನ ಮಿಲ್‌ಪೋರ್ಟ್ ಕ್ಷೇತ್ರ ಕೇಂದ್ರದ ವಿಮರ್ಶೆ

ಬ್ರಿಟನ್ನಿನಲ್ಲಿ ಕಡಲ ಜೀವವಿಜ್ಞಾನವನ್ನೋ ಪರಿಸರ ವಿಜ್ಞಾನವನ್ನೋ ಓದಲು ಬರುವವರಿಗೆ ಕ್ಷೇತ್ರಾಧ್ಯಯನಕ್ಕೆ ಹೋಗುವ ಸಂದರ್ಭ ಬಂದೇ ಬರುತ್ತದೆ. ಎಲ್ಲಿಗೆ ಹೋಗಬೇಕೆಂಬ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಗ್ರೇಟ್ ಕಂಬ್ರೆ ದ್ವೀಪದಲ್ಲಿರುವ ಮಿಲ್‌ಪೋರ್ಟ್ ಕೇಂದ್ರವನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಹವಳದ ದಿಬ್ಬಗಳನ್ನೂ ಬಣ್ಣಬಣ್ಣದ ಮೀನುಗಳನ್ನೂ ಬಯಸುವವರಿಗೆ ಇದು ತಕ್ಕ ಜಾಗವಲ್ಲ. ಇಲ್ಲಿರುವುದು ತಣ್ಣನೆಯ ಗಾಳಿ, ಜಾರುವ ಬಂಡೆ ಮತ್ತು ಬರಿಗಣ್ಣಿಗೆ ಬಿಳಿಯ ಹುರುಪೆಯಂತೆ ಕಾಣುವ ಜೀವಿಗಳು. ಆದರೆ ಕಡಲಂಚಿನ ಜೀವಿಗಳು ಎಲ್ಲಿ, ಏಕೆ ಬದುಕುತ್ತವೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ತರಗತಿಯನ್ನು ನಾನು ಕಂಡಿಲ್ಲ.

ತಲುಪುವುದು ಸುಲಭ. ಗ್ಲಾಸ್ಗೋ ಸೆಂಟ್ರಲ್‌ನಿಂದ ಲಾರ್ಗ್ಸ್‌ಗೆ ಸುಮಾರು ಒಂದು ಗಂಟೆಯ ರೈಲು ಪ್ರಯಾಣ, ಅಲ್ಲಿಂದ ಹತ್ತು ನಿಮಿಷದ ಫೆರ್ರಿ, ಆಮೇಲೆ ಬಸ್ಸು. ಕೇಂದ್ರದ ಇತಿಹಾಸವೂ ಹಳೆಯದು. ಆಳಗಡಲನ್ನು ಅಧ್ಯಯನ ಮಾಡಲು ಹೊರಟ ಚಾಲೆಂಜರ್ ಎಂಬ ಹಡಗಿನ ಸಾಗರಯಾನದಲ್ಲಿ ಭಾಗವಹಿಸಿದ್ದ ವಿಜ್ಞಾನಿ ಜಾನ್ ಮರ್ರೆ ‘ಆರ್ಕ್’ ಎಂಬ ತೇಲುವ ಪ್ರಯೋಗಾಲಯವನ್ನು 1885ರಲ್ಲಿ ಇಲ್ಲಿಗೆ ತಂದರು. ದಡದ ಮೇಲಿನ ಕಟ್ಟಡ 1897ರಲ್ಲಿ ಆರಂಭವಾಯಿತು. ಬಹುಕಾಲ ವಿಶ್ವವಿದ್ಯಾಲಯಗಳ ಕೈಯಲ್ಲಿದ್ದ ಸಂಸ್ಥೆಯನ್ನು 2014ರಲ್ಲಿ ಕ್ಷೇತ್ರಾಧ್ಯಯನ ಕೇಂದ್ರಗಳನ್ನು ನಡೆಸುವ ಫೀಲ್ಡ್ ಸ್ಟಡೀಸ್ ಕೌನ್ಸಿಲ್ ವಹಿಸಿಕೊಂಡಿತು. ಆವರಣದಲ್ಲಿರುವ ರಾಬರ್ಟ್‌ಸನ್ ವಸ್ತುಸಂಗ್ರಹಾಲಯ ಚಿಕ್ಕದು. ಮಳೆ ಸುರಿಯುವ ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಸಾಕು.

ನಮ್ಮ ಸ್ನಾತಕೋತ್ತರ ತರಗತಿ ವಸಂತದ ಆರಂಭದಲ್ಲಿ ಇಲ್ಲಿ ತಂಗಿತ್ತು. ದಿನಚರಿಯನ್ನು ನಿರ್ಧರಿಸುವುದು ಗಡಿಯಾರವಲ್ಲ, ಇಳಿತ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುವುದರಿಂದ ತಿಂಡಿ, ಊಟ, ಉಪನ್ಯಾಸ ಎಲ್ಲವೂ ಅದರ ಹಿಂದೆಯೇ ಸರಿಯುತ್ತವೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ನೀರು ಸುಮಾರು ಮೂರು ಮೀಟರ್ ಏರಿಳಿಯುತ್ತದೆ. ಕಾರವಾರದ ಕಡಲಂಚಿನಲ್ಲಿ ಬೆಳೆದವರಿಗೂ ಇದು ಹೆಚ್ಚೆನಿಸುತ್ತದೆ. ನೀರು ಸರಿದಾಗ ಬಂಡೆಯ ಮೇಲೆ ಪಟ್ಟೆಪಟ್ಟೆಯಾಗಿ ಜೀವಲೋಕ ತೆರೆದುಕೊಳ್ಳುತ್ತದೆ: ಎಲ್ಲಕ್ಕಿಂತ ಮೇಲೆ ಕಲ್ಲುಹೂವು, ಅದರ ಕೆಳಗೆ ಒಣಗಿದರೂ ಮತ್ತೆ ಚೇತರಿಸಿಕೊಳ್ಳುವ ಪೆಲ್ವೆಟಿಯಾ ಎಂಬ ಕಡಲಕಳೆ, ನಂತರ ಫ್ಯೂಕಸ್ ಎಂಬ ಕಡಲಕಳೆಯ ಜಾತಿಗಳು, ತೀರಾ ಕೆಳಗೆ ಕೆಲ್ಪ್ ಎಂಬ ದೊಡ್ಡ ಕಡಲಕಳೆ. ಹಗ್ಗ ಎಳೆದು, ಅದರುದ್ದಕ್ಕೂ ಚೌಕಟ್ಟುಗಳನ್ನಿಟ್ಟು, ಮೊಣಕಾಲೂರಿ ಎಣಿಸುವುದೇ ಕೆಲಸ.

ಈ ಕೇಂದ್ರದ ನಿಜವಾದ ಬೆಲೆ ತಿಳಿಯುವುದು ಬಂಡೆಗೆ ಅಂಟಿಕೊಂಡು ಬದುಕುವ ಗಟ್ಟಿ ಚಿಪ್ಪಿನ ಪುಟ್ಟ ಪ್ರಾಣಿಗಳಾದ ಬಾರ್ನಕಲ್‌ಗಳ ಮುಂದೆ ಕುಳಿತಾಗ. ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪಠ್ಯದಲ್ಲಿ, ಸ್ಕಾಟ್ಲೆಂಡಿನ ಬಂಡೆಗಳ ಮೇಲೆ ಬಲಾನಸ್ ಎಂಬ ದೊಡ್ಡ ಬಾರ್ನಕಲ್ ಚಿಕ್ಕದನ್ನು ಹೊರದೂಡುತ್ತದೆಂದು ಕಾನೆಲ್ ಎಂಬ ಪರಿಸರ ವಿಜ್ಞಾನಿ ತೋರಿಸಿಕೊಟ್ಟ ಸಂಗತಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಅಂಕಕ್ಕಾಗಿ ಅದನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಸಾವಿರಾರು. ಜೋಸೆಫ್ ಕಾನೆಲ್ ಆ ಪ್ರಯೋಗ ಮಾಡಿದ್ದು ಇದೇ ದ್ವೀಪದಲ್ಲಿ, ಪ್ರಕಟವಾದದ್ದು 1961ರಲ್ಲಿ. ಕ್ಥಮಾಲಸ್ ಎಂಬ ಚಿಕ್ಕ ಬಾರ್ನಕಲ್ ಇರುವ ಕಲ್ಲುಗಳನ್ನು ಅವರು ಮೇಲಿನಿಂದ ಕೆಳಗಿನ ಪಟ್ಟೆಗೆ ತಂದು, ತಿರುಪು ಹಾಕಿ ಬಿಗಿದು, ಒಂದು ಭಾಗದಿಂದ ಮಾತ್ರ ಬಲಾನಸ್‌ಗಳನ್ನು ಕೆರೆದು ತೆಗೆಯುತ್ತಿದ್ದರು. ಕೆರೆದ ಭಾಗದಲ್ಲಿ ಚಿಕ್ಕದು ಬದುಕಿತು. ಕೆರೆಯದ ಭಾಗದಲ್ಲಿ ದೊಡ್ಡದು ಅದರ ಮೇಲೆ ಬೆಳೆದು ಮುಚ್ಚಿತು, ಇಲ್ಲವೇ ಬುಡದಿಂದ ಎಬ್ಬಿಸಿ ಕಿತ್ತಿತು. ಚಿಕ್ಕದು ಮೇಲಿನ ಪಟ್ಟೆಯಲ್ಲಿರುವುದು ಇಷ್ಟಪಟ್ಟಲ್ಲ, ಕೆಳಗೆ ಜಾಗ ಸಿಗದೆ. ದೊಡ್ಡದು ಅಷ್ಟು ಮೇಲಕ್ಕೆ ಹೋಗದಿರುವುದು ಒಣಗಿ ಸಾಯುವುದರಿಂದ. ಇದನ್ನು ಓದಿ ತಿಳಿಯುವುದಕ್ಕೂ, ಕೈಮಸೂರ ಹಿಡಿದು ಗಾಳಿಪಟದಾಕಾರದ ಬಾಯಿಯ ಕ್ಥಮಾಲಸನ್ನು ವಜ್ರಾಕಾರದ ಬಾಯಿಯ ಬಲಾನಸ್‌ನಿಂದ ಬೇರ್ಪಡಿಸುತ್ತ ಬಂಡೆಯ ಮೇಲಿನಿಂದ ಕೆಳಗಿಳಿಯುವುದಕ್ಕೂ ಬಹಳ ಅಂತರವಿದೆ. ನಡುನಡುವೆ ಚಿಪ್ಪಿನಲ್ಲಿ ನಾಲ್ಕೇ ಫಲಕಗಳಿರುವ ಮೂರನೆಯ ಬಗೆಯ ಬಾರ್ನಕಲ್ ಸಿಗುತ್ತದೆ. ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಕಡೆಯಿಂದ ಬ್ರಿಟನ್ನಿಗೆ ಬಂದು ನೆಲೆಸಿದ ಜಾತಿ. ಬೋಧಕರು ಉತ್ತರವನ್ನು ಮೊದಲೇ ಹೇಳದೆ, ನಮ್ಮ ಎಣಿಕೆಯ ಅಂಕಿಗಳಿಂದಲೇ ಪ್ರಶ್ನೆ ಹುಟ್ಟುವವರೆಗೆ ಕಾದದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ದೋಣಿಯ ಮೇಲಿನ ಪಾಠ ಹವಾಮಾನದ ಕೃಪೆಗೆ ಬಿಟ್ಟದ್ದು. ಅದನ್ನೇ ನಂಬಿಕೊಂಡು ಹೋಗಬೇಡಿ. ಆದರೂ ಕ್ಲೈಡ್ ಕೊಲ್ಲಿಯ ಕಥೆಯನ್ನು ಕೇಳಲು ಅದೇ ಸರಿಯಾದ ಜಾಗ. ದಡದಿಂದ ಮೂರು ಮೈಲಿಯೊಳಗೆ ಟ್ರಾಲಿಂಗ್ (ದೋಣಿಯ ಹಿಂದೆ ಬಲೆ ಎಳೆದು ಮೀನು ಹಿಡಿಯುವುದು) ಮಾಡಬಾರದೆಂಬ ನಿಷೇಧ 1984ರಲ್ಲಿ ತೆರವಾಯಿತು. ಕಾಡ್, ಹ್ಯಾಡಕ್ ಮೀನುಗಳಿಗೆ ಹೆಸರಾಗಿದ್ದ ಈ ಕಡಲಿನಲ್ಲಿ ಇಂದು ಮೀನುಗಾರರು ಹೆಚ್ಚಾಗಿ ಹಿಡಿಯುವುದು ಕೆಸರಿನಲ್ಲಿ ಬಿಲ ತೋಡುವ ಲ್ಯಾಂಗೂಸ್ಟೀನ್ ಎಂಬ ಸಿಗಡಿಯಂಥ ಜೀವಿ ಮತ್ತು ಸ್ಕ್ಯಾಲಪ್ ಎಂಬ ಚಿಪ್ಪುಜೀವಿ. ಮಲ್ಪೆ, ಮಂಗಳೂರಿನಲ್ಲಿ ಮಳೆಗಾಲದ 61 ದಿನಗಳ ನಿಷೇಧದ ಚರ್ಚೆಯನ್ನು ವರ್ಷವರ್ಷವೂ ಕೇಳಿದವರಿಗೆ ಈ ಪಾಠ ದೂರದ್ದೆನಿಸುವುದಿಲ್ಲ. ಎದುರಿಗೆ ಕಾಣುವ ಆರನ್ ದ್ವೀಪದ ಲ್ಯಾಮ್ಲಾಶ್ ಕೊಲ್ಲಿಯ ಒಂದು ಭಾಗದಲ್ಲಿ 2008ರಿಂದ ಮೀನುಗಾರಿಕೆಯೇ ಇಲ್ಲ.

ವಸತಿ ಸರಳ, ಬೆಚ್ಚಗೆ. ಪ್ರಯೋಗಾಲಯದಿಂದ ಕಡಲಂಚಿಗೆ ಕೆಲವೇ ಹೆಜ್ಜೆ. ಮೊದಲೇ ತಿಳಿಸಿದ್ದರಿಂದ ಸಸ್ಯಾಹಾರಕ್ಕೆ ತೊಂದರೆಯಾಗಲಿಲ್ಲ, ಆದರೆ ಉಪ್ಪಿನಕಾಯಿಯ ಒಂದು ಸಣ್ಣ ಬಾಟಲಿ ಜೊತೆಗಿರಲಿ. ನನ್ನ ಆಕ್ಷೇಪಣೆಗಳೆಲ್ಲ ನಮ್ಮನ್ನು ಕರೆದೊಯ್ದ ವಿಶ್ವವಿದ್ಯಾಲಯದ ಮೇಲೆ. ರಬ್ಬರ್ ಬೂಟು, ಜಲನಿರೋಧಕ ಪ್ಯಾಂಟು ಎಲ್ಲರ ಮನೆಯಲ್ಲೂ ಇರುತ್ತದೆಂಬ ಊಹೆಯಿಂದ ಸಿದ್ಧಪಡಿಸಿದ ಪಟ್ಟಿ ಹೊರಡುವ ಮುನ್ನಾ ವಾರ ಕೈಸೇರಿತು. ಭಾರತದಿಂದ ಬಂದವರೆಲ್ಲ ಅವಸರದಲ್ಲಿ ದುಬಾರಿ ಬೆಲೆ ತೆತ್ತು ಕೊಳ್ಳಬೇಕಾಯಿತು. ದಿನವಿಡೀ ಚಳಿಯಲ್ಲಿ ನೆನೆದು ಬಂದವರಿಗೆ ರಾತ್ರಿಯೂಟದ ನಂತರ ಸಂಖ್ಯಾಶಾಸ್ತ್ರದ ಪಾಠ ಇಟ್ಟದ್ದೂ ಸರಿಯಲ್ಲ.

ಮಾರ್ಚ್‌ನಲ್ಲಿ ಕಡಲ ನೀರಿನ ಉಷ್ಣತೆ ಸುಮಾರು 7 ಡಿಗ್ರಿ ಇರುತ್ತದೆ. ಸೆಪ್ಟೆಂಬರಿನಲ್ಲಿ ಅದರ ಇಮ್ಮಡಿಯ ಹತ್ತಿರಕ್ಕೆ ಬರುತ್ತದೆ. ಚಳಿ ತಡೆಯಲಾಗದವರು ಸೆಪ್ಟೆಂಬರಿಗೆ ಹೋಗಲಿ. ಬಾರ್ನಕಲ್ ಮರಿಗಳು ಬಂದು ಬಂಡೆಗೆ ಅಂಟಿಕೊಳ್ಳುವುದನ್ನು ನೋಡಬೇಕೆಂದಿದ್ದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳೇ ಆಗಬೇಕು. ಯಾವುದೇ ತಿಂಗಳಾದರೂ ಹುಣ್ಣಿಮೆ ಅಥವಾ ಅಮಾವಾಸ್ಯೆ ಬರುವ ವಾರವನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ಅಷ್ಟಮಿಯ ಆಸುಪಾಸಿನಲ್ಲಿ ಹೋದರೆ ಕೆಲ್ಪ್ ಪಟ್ಟೆ ನೀರಿನಿಂದ ಮೇಲೇಳುವುದೇ ಇಲ್ಲ.