ಗಾಡ್ಗೀಳ್ ವರದಿಯೋ, ಕಸ್ತೂರಿರಂಗನ್ ವರದಿಯೋ?

ಗ್ರಾಮಸಭೆಯಲ್ಲಿ ಪಶ್ಚಿಮಘಟ್ಟದ ಮಾತು ಬಂದಾಗ ಯಾವ ವರದಿಯ ಪರ ನಿಲ್ಲೋದು ಅಂತ ಯೋಚಿಸ್ತಿದ್ದೀರಾ?

ಎರಡೂ ಪಶ್ಚಿಮಘಟ್ಟ ಉಳಿಸೋದು ಹೇಗೆ ಅಂತ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗಳ ವರದಿ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಸಮಿತಿಯ 2011ರ ವರದಿ ಇಡೀ ಘಟ್ಟವನ್ನೇ ಪರಿಸರ ಸೂಕ್ಷ್ಮ ಪ್ರದೇಶ ಅಂದಿತು. ಅದರೊಳಗೆ ಮೂರು ವಲಯ, ಒಂದೊಂದಕ್ಕೆ ಒಂದೊಂದು ನಿಯಮ. ಆದರೆ ಕೊನೆಯ ಮಾತು ಗ್ರಾಮಸಭೆಯದ್ದಾಗಲಿ ಅಂತಲೂ ಹೇಳಿತ್ತು. ಇದನ್ನು ಯಾರೂ ನಮಗೆ ಹೇಳಲೇ ಇಲ್ಲ, ಅಲ್ವಾ?

ಬಾಹ್ಯಾಕಾಶ ವಿಜ್ಞಾನಿ ಕಸ್ತೂರಿರಂಗನ್ ಸಮಿತಿಯ 2013ರ ವರದಿ ಉಪಗ್ರಹ ಚಿತ್ರ ನೋಡಿ ಸುಮಾರು ಶೇ. 37 ಭಾಗವನ್ನು ಮಾತ್ರ ಆರಿಸಿತು. ಅಲ್ಲಿ ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ ಬೇಡ. ಜಲವಿದ್ಯುತ್ತಿಗೆ ಷರತ್ತಿನ ಮೇಲೆ ಅವಕಾಶ. 'ಮನೆ ಕಟ್ಟೋಕೂ ಬಿಡಲ್ಲ' ಅನ್ನೋದು ಸುಮ್ನೆ ಹಬ್ಬಿದ ಭಯ. ತಡೆ ಇರೋದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಕ್ಕೆ. ನಿಮ್ಮ ಮನೆ ಅಷ್ಟಿದೆಯಾ?

ಊರಿನ ಮಾತು ನಡೆಯಬೇಕು ಅಂದರೆ ಗಾಡ್ಗೀಳ್. ರಾಜಿಯಾದರೂ ಬೇಗ ಜಾರಿಯಾಗಲಿ ಅಂದರೆ ಕಸ್ತೂರಿರಂಗನ್. ನನ್ನ ಓಟು ಮೊದಲನೆಯದಕ್ಕೆ.

ಸರ್ಕಾರಗಳು ಮಾತ್ರ ಎರಡನ್ನೂ ಜಾರಿ ಮಾಡಲಿಲ್ಲ. 2014ರಿಂದ ಕೇಂದ್ರ ಹೊರಡಿಸಿದ್ದು ಕಸ್ತೂರಿರಂಗನ್ ವರದಿ ಆಧರಿಸಿದ ಬರೀ ಕರಡು ಅಧಿಸೂಚನೆ. ಆರನೆಯದು ಬಂದಿದ್ದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ಅದೇ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿ ಬೇಡ ಅಂದಿತು.